ದಯವಿಟ್ಟು 25 ಅಡಿ ಆಚೆ

ಮಕ್ಕಳು ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರಿಗೆ ಅಲ್ಲಿ ಎರಡೇ ಬಗೆಯ ದಿನಗಳು. ವಾರದ ದಿನಗಳಲ್ಲಿ ಕಿಟಕಿ ಪಕ್ಕ ಕೂತು ರಸ್ತೆ ನೋಡುವುದು, ಶನಿವಾರ ಭಾನುವಾರ ಕಾರಿನೊಳಗೆ ಕೂತು ರಸ್ತೆ ನೋಡುವುದು. ಕಾರು ಯಾವ ಕಡೆಗೆ ಎಂದು ಮಗಳೂ ಅಳಿಯಂದಿರೂ ಬುಧವಾರವೇ ತೀರ್ಮಾನಿಸಿರುತ್ತಾರೆ. ನಮಗೆ ಗೊತ್ತಾಗುವುದು ಶನಿವಾರ ಬೆಳಿಗ್ಗೆ ಚಿತ್ರಾನ್ನ ಡಬ್ಬಿಗೆ ತುಂಬುವಾಗ. ದೇವಸ್ಥಾನ, ಮಾಲು, ಕೆಂಪು ಸೇತುವೆ ಎಲ್ಲ ಮೊದಲ ಸಲ ಹೋದಾಗಲೇ ಮುಗಿದಿರುತ್ತವೆ. ಆಮೇಲೆ ಉಳಿಯುವುದು ಸ್ಟೇಟ್ ಪಾರ್ಕುಗಳು. ಕ್ಯಾಲಿಫೋರ್ನಿಯಾ ಒಂದರಲ್ಲೇ ಅಂಥವು 280ರಷ್ಟಿವೆ. ನಮ್ಮನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಚಿಂತೆ ಮಗಳಿಗೆ ಸದ್ಯಕ್ಕಂತೂ ಇಲ್ಲ.

ಅಲ್ಲಿ ಕಲ್ಲುಬೆಂಚು, ಕಾರಂಜಿ, ಕಡಲೆಕಾಯಿ ಹುಡುಕಬಾರದು. ಒಂದು ಕಡೆ ಕಾಡು, ಇನ್ನೊಂದು ಕಡೆ ಕಡಲು, ಮತ್ತೊಂದು ಕಡೆ ಬರೀ ಮರಳು. ಕಾರಿನಿಂದಿಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಟೋಪಿ ಹಾಕಿಕೊಂಡ ಒಬ್ಬರು ನಗುನಗುತ್ತಾ ಹತ್ತಿರ ಬರುತ್ತಾರೆ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕಳೆದ ನನಗೆ ಹೀಗೆ ನಗುತ್ತಾ ಬರುವವರ ಮೇಲೆ ಸಹಜವಾಗಿಯೇ ಗುಮಾನಿ. ಏನೋ ಪಾಲಿಸಿ ಮಾರಲು ಬಂದಿರಬೇಕು ಅಂದುಕೊಳ್ಳುತ್ತೇನೆ. ಅವರು ಜೇಬಿನಿಂದ ಹೊರತೆಗೆಯುವುದು ಗೂಬೆ ತಿಂದು ಅರಗದೆ ಉಗುಳಿದ ಒಂದು ಬೂದು ಉಂಡೆ. "ಇದರೊಳಗೆ ಒಂದು ಇಲಿಯ ಇಡೀ ತಲೆಬುರುಡೆ ಇದೆ, ಬಿಡಿಸಿ ನೋಡ್ತೀರಾ?" ಎಂದು ಕೇಳುತ್ತಾರೆ. ನನ್ನ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಮೊಮ್ಮಗ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಾನೆ. ಅವರೇ ಆ ಪಾರ್ಕಿನ ನ್ಯಾಚುರಲಿಸ್ಟ್.

ಈ ಕಸುಬು ಅಲ್ಲೂ ಮೊದಲಿನಿಂದ ಇದ್ದದ್ದಲ್ಲ. 1864ರಲ್ಲಿ ಲಿಂಕನ್ ಸಹಿ ಹಾಕಿ ಯೊಸೆಮಿಟಿ ಕಣಿವೆಯನ್ನು ಕ್ಯಾಲಿಫೋರ್ನಿಯಾ ರಾಜ್ಯದ ವಶಕ್ಕೆ ಕೊಟ್ಟಾಗ ಬೇಕಾಗಿದ್ದವರು ಕಾವಲುಗಾರರು. ಮರ ಕಡಿಯುವವರನ್ನು ತಡೆಯಲು ಸಂಬಳ ಕೊಡಬೇಕು ಎಂಬುದು ಸರ್ಕಾರಕ್ಕೆ ಹೊಳೆಯಿತು. ಮರದ ಹೆಸರು ಹೇಳುವವರಿಗೂ ಕೊಡಬೇಕು ಎಂದು ಹೊಳೆಯಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. 1920ರ ಬೇಸಿಗೆಯಲ್ಲಿ, ಆ ಹೊತ್ತಿಗೆ ಕೇಂದ್ರದ ಕೈಗೆ ಹೋಗಿದ್ದ ಯೊಸೆಮಿಟಿಯಲ್ಲಿ, ಹೆರಾಲ್ಡ್ ಬ್ರಯಾಂಟ್ ಮತ್ತು ಲಾಯ್ ಮಿಲ್ಲರ್ ಎಂಬ ಇಬ್ಬರು ವಿದ್ವಾಂಸರು ಪ್ರವಾಸಿಗಳನ್ನು ಕಾಸಿಲ್ಲದೆ ಕರೆದುಕೊಂಡು ಹೋಗಿ ಹಕ್ಕಿ, ಹೂವು ತೋರಿಸತೊಡಗಿದರು. ಸಂಜೆಯಾದರೆ ಬೆಂಕಿಯ ಸುತ್ತ ಕೂರಿಸಿ ಮಾತು. 1923ರಲ್ಲಿ ಇಂಡಿಯಾನ ರಾಜ್ಯದ ಮೆಕಾರ್ಮಿಕ್ಸ್ ಕ್ರೀಕ್ ಸ್ಟೇಟ್ ಪಾರ್ಕಿಗೆ ಲೂಸಿ ಪಿಟ್ಶ್ಲರ್ ಎಂಬ ಮಹಿಳೆ ನ್ಯಾಚುರಲಿಸ್ಟ್ ಆಗಿ ಬಂದರು. ಆ ರಾಜ್ಯದ ಪಾರ್ಕುಗಳಲ್ಲಿ ಅವರೇ ಮೊದಲಿಗರು. "ಇದೇನು ಹೂವು?" ಎಂದು ಕೇಳಿದರೆ ಬೇಸರವಿಲ್ಲದೆ ಹೇಳುವ ಒಬ್ಬರು ಇರಬೇಕು ಎಂಬುದು ಆಗಿನ ಕಾಲದ ಸರಳ ಬಯಕೆ.

ಆದರೆ ಜನ ಹೂವಿಗೆ ತೃಪ್ತರಾಗುವವರಲ್ಲ. ಯೊಸೆಮಿಟಿ, ಯೆಲ್ಲೊಸ್ಟೋನ್‌ಗಳಲ್ಲಿ ಹೋಟೆಲಿನ ಎಂಜಲನ್ನು ಒಂದು ಕಡೆ ಸುರಿದು, ಅದನ್ನು ತಿನ್ನಲು ಕರಡಿಗಳು ಬರುವುದನ್ನು ನೋಡಲು ಜನ ಸೇರುತ್ತಿದ್ದರು. ಯೆಲ್ಲೊಸ್ಟೋನ್‌ನಲ್ಲಂತೂ ಸರ್ಕಸ್ಸಿಗೆ ಹಾಕುವಂತೆ ಮೆಟ್ಟಿಲು ಮೆಟ್ಟಿಲಾಗಿ ಬೆಂಚು ಹಾಕಿದ್ದರು. ಕರಡಿಗಳು ಊಟ ಮಾಡುತ್ತಿದ್ದಷ್ಟು ಹೊತ್ತೂ ಒಬ್ಬ ರೇಂಜರು ನಿಂತು ಕರಡಿಯ ಜೀವನಕ್ರಮ ಕುರಿತು ಉಪನ್ಯಾಸ ಕೊಡುತ್ತಿದ್ದ. ಎದುರಿಗೆ ಹಳಸಿದ ಮಾಂಸಕ್ಕೆ ಕಿತ್ತಾಡುತ್ತಿರುವ ಕರಡಿಗಳು. ಈತ ಅವು ಕಾಡಿನಲ್ಲಿ ಬೇರು, ಹಣ್ಣು, ಇರುವೆ ತಿಂದು ಬದುಕುತ್ತವೆ ಎಂದು ವಿವರಿಸಬೇಕು. ಇಂಥ ಇಕ್ಕಟ್ಟಿನ ಉಪನ್ಯಾಸ ನಮ್ಮ ವಿಶ್ವವಿದ್ಯಾಲಯಗಳಲ್ಲೂ ನಡೆದಿರಲಾರದು. 1940ರ ದಶಕದ ಆರಂಭದ ಹೊತ್ತಿಗೆ ಆ ಆಟ ನಿಂತಿತು. ಯೊಸೆಮಿಟಿಯಲ್ಲೇ ಇನ್ನೊಂದು ಆಟವಿತ್ತು: ಬೇಸಿಗೆಯ ರಾತ್ರಿ ಬಂಡೆಯ ನೆತ್ತಿಯಿಂದ ಕೆಂಡವನ್ನು ಕೆಳಕ್ಕೆ ಸುರಿದು ಬೆಂಕಿಯ ಜಲಪಾತ ಮಾಡುವುದು. ಅದು ನಿಲ್ಲಲು 1968 ಬರಬೇಕಾಯಿತು. ಪಕ್ಕದಲ್ಲೇ ನಿಜವಾದ ಜಲಪಾತಗಳು ಯಾರ ಖರ್ಚೂ ಇಲ್ಲದೆ ಬೀಳುತ್ತಿದ್ದವು ಎಂಬುದನ್ನು ಮರೆಯಬಾರದು.

ಕರಡಿಗೆ ಎಂಜಲು ಸುರಿದವರನ್ನು ಕಂಡು ನಾವು ನಗುವ ಮೊದಲು ನಮ್ಮ ಕಬಿನಿಯ ಜೀಪನ್ನು ನೆನೆಸಿಕೊಳ್ಳಬೇಕು. 1980ರಲ್ಲಿ ಸರ್ಕಾರ ಜಂಗಲ್ ಲಾಡ್ಜಸ್ ಶುರುಮಾಡಿದಾಗ ಕಾರಾಪುರದಲ್ಲಿ ಅದನ್ನು ನೋಡಿಕೊಂಡ ಕರ್ನಲ್ ಜಾನ್ ವೇಕ್‌ಫೀಲ್ಡ್ ಒಂದು ಕಾಲಕ್ಕೆ ಶಿಕಾರಿ ಆಡಿದವರು. ನೆಲ ನೋಡಿ ಹುಲಿ ಎತ್ತ ಹೋಯಿತು, ಸೊಪ್ಪು ನೋಡಿ ಆನೆ ಎಷ್ಟು ಹೊತ್ತಿನ ಹಿಂದೆ ಹೋಯಿತು ಎಂದು ಹೇಳಬಲ್ಲ ಜೇನು ಕುರುಬರು ಆ ಕಾಡಿನಲ್ಲಿ ಮೊದಲಿನಿಂದಲೂ ಇದ್ದರು. ಅವರನ್ನು ನ್ಯಾಚುರಲಿಸ್ಟ್ ಎಂದು ಯಾರೂ ಕರೆಯಲಿಲ್ಲ, ಅಷ್ಟೇ. ಬಂದೂಕು ಹೋಗಿ ಕ್ಯಾಮರಾ ಬಂತು. ಜೀಪಿನಲ್ಲಿ ಕೂತವರ ಪ್ರಶ್ನೆ ಮಾತ್ರ ಹೋಟೆಲಿನಲ್ಲಿ ಕೂತವರದ್ದೇ: "ಹುಲಿ ಇದೆಯಾ?"

"ನಿನ್ನೆ ಸಂಜೆ ಇಲ್ಲೇ ಕೂತಿತ್ತು ಸಾರ್," ಎನ್ನುತ್ತಾರೆ ಜೊತೆಗೆ ಬಂದವರು. ಕಬಿನಿಯ ಹುಲಿಗೆ ನಿನ್ನೆ ಸಂಜೆ ಇಲ್ಲೇ ಕೂರುವುದೆಂದರೆ ಬಹಳ ಇಷ್ಟ. ಪಾಪ, ಆ ಮನುಷ್ಯ ಮತ್ತಿಮರದ ತೊಗಟೆ ತೋರಿಸುತ್ತಾನೆ, ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ತೋರಿಸುತ್ತಾನೆ, ಜಿಂಕೆಯ ಕೂಗಿಗಿಂತ ಕಡವೆಯ ಕೂಗನ್ನು ಏಕೆ ಹೆಚ್ಚು ನಂಬಬೇಕು ಎಂದು ಹೇಳುತ್ತಾನೆ. ಜೀಪಿನವರು ಸೌಜನ್ಯಕ್ಕೆ "ಓಹೋ" ಎಂದು ವಾಚು ನೋಡಿಕೊಳ್ಳುತ್ತಾರೆ. ಹುಲಿ ಕಾಣಿಸಿದರೆ ಅವನು ಗಟ್ಟಿಗ, ಕಾಣದಿದ್ದರೆ ಏನೂ ಬಾರದವನು. ನಾವು ಬ್ಯಾಂಕಿನವರು ಬೈಸಿಕೊಂಡಿದ್ದೇವೆ ನಿಜ. ಆದರೆ ಕಾಡಿನೊಳಗಿನ ಹುಲಿಯ ಮನಸ್ಸಿಗೆ ಹೊಣೆಗಾರರಾಗಿ ಎಂದೂ ಬೈಸಿಕೊಂಡವರಲ್ಲ.

ಹೆಸರು ಹೇಳುವ ಕೆಲಸಕ್ಕೆ ಅಮೆರಿಕದಲ್ಲಿ ಮೊದಲ ಪೆಟ್ಟು ಕೊಟ್ಟವರು ಫ್ರೀಮನ್ ಟಿಲ್ಡನ್. ಪತ್ರಿಕೆ, ಕಾದಂಬರಿ, ನಾಟಕ ಎಂದು ಬರೆದುಕೊಂಡಿದ್ದ ಈತ ವಯಸ್ಸಾದ ಮೇಲೆ ಪಾರ್ಕುಗಳನ್ನು ಸುತ್ತಿ, ಅಲ್ಲಿ ಜನರಿಗೆ ಏನು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂದು ಕೇಳಿಸಿಕೊಂಡು, 1957ರಲ್ಲಿ ಒಂದು ಸಣ್ಣ ಪುಸ್ತಕ ಬರೆದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು ಎಂಬುದು ನನ್ನಂಥ ಪಿಂಚಣಿದಾರರಿಗೆ ಸಮಾಧಾನದ ಸಂಗತಿ. ಅವರ ಮಾತಿನ ತಿರುಳು ಇಷ್ಟು: ಪಾಠ ಒಪ್ಪಿಸಬೇಡಿ, ಕೆಣಕಿ. ಮರದ ಲ್ಯಾಟಿನ್ ಹೆಸರು ಕೇಳಿ ಮನೆಗೆ ಹೋದವನು ಕಾರು ಹತ್ತುವ ಮೊದಲೇ ಮರೆಯುತ್ತಾನೆ. ಈ ಮರಕ್ಕೂ ತನಗೂ ಏನು ನಂಟು ಎಂಬ ಹುಳ ತಲೆಗೆ ಬಿಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ. ಅಲ್ಲಿನ ನ್ಯಾಚುರಲಿಸ್ಟರಿಗೆ ಇಂದಿಗೂ ಅದು ಪಾರಾಯಣಗ್ರಂಥ. ಜೇಬಿನಿಂದ ಗೂಬೆಯ ಉಂಡೆ ತೆಗೆಯುವುದು ಆ ಪಾರಾಯಣದ ಫಲ.

ಎರಡನೆಯ ಪೆಟ್ಟು ಕೊಟ್ಟದ್ದು ಮೊಬೈಲು. 2008ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಕೋರ್ಸಿನ ಕೊನೆಯ ಪ್ರಾಜೆಕ್ಟ್ ಎಂದು ಶುರುಮಾಡಿದ ಐನ್ಯಾಚುರಲಿಸ್ಟ್ ಈಗ ಅಳಿಯಂದಿರ ಫೋನಿನಲ್ಲಿದೆ. ಗಿಡದ ಫೋಟೊ ತೆಗೆದರೆ ಹೆಸರು ಬರುತ್ತದೆ. ಇನ್ನೊಂದು ಆ್ಯಪ್ ಹಕ್ಕಿಯ ದನಿ ಕೇಳಿಸಿಕೊಂಡು ಯಾರೆಂದು ಹೇಳುತ್ತದೆ. ಅಳಿಯಂದಿರು ಈಗ ಫೋನನ್ನು ಮುಂದೆ ಹಿಡಿದೇ ಕಾಡಿನಲ್ಲಿ ನಡೆಯುವುದು. ಹೆಸರುಗಳನ್ನು ಓದಿ ಹೇಳುವಾಗ ಮುಖದಲ್ಲಿ ಸಂತೋಷ ಉಕ್ಕುತ್ತದೆ. ಹಕ್ಕಿಯನ್ನು ನೋಡಿದರೋ ಇಲ್ಲವೋ ನನಗೆ ತಿಳಿಯದು. ಇದನ್ನು ನಾನು ಅವರಿಗೆ ಹೇಳಲಿಲ್ಲ. ಮಗಳ ಮನೆಯಲ್ಲಿ ಉಳಿದುಕೊಂಡು ಅಳಿಯನಿಗೆ ಬುದ್ಧಿ ಹೇಳಬಾರದು ಎಂಬುದು ನನ್ನ ಹೆಂಡತಿ ವಿಮಾನದಲ್ಲೇ ಹಾಕಿದ್ದ ಷರತ್ತು.

ಹೆಸರು ಫೋನಿಗೆ ಹೋಯಿತು. ಹಾಗಾದರೆ ಈ ಟೋಪಿಯವರಿಗೆ ಉಳಿದ ಕೆಲಸವೇನು? ಉತ್ತರ ಕಂಡದ್ದು ಅನ್ಯೊ ನುವೆವೊ ಸ್ಟೇಟ್ ಪಾರ್ಕಿನಲ್ಲಿ.

ಸಾಂತಾಕ್ರೂಜಿನ ಉತ್ತರಕ್ಕೆ, ಹೈವೇ ಒಂದರ ಪಕ್ಕದಲ್ಲಿ, ಗಾಳಿ ಬಿಟ್ಟರೆ ಇನ್ನೇನೂ ಇಲ್ಲದಂತೆ ಕಾಣುವ ಜಾಗ. 1603ರ ಜನವರಿಯಲ್ಲಿ ಅತ್ತ ಹಾಯ್ದ ಸ್ಪೇನಿನ ಹಡಗಿನವರು ಹೊಸವರ್ಷದ ಹೆಸರಿಟ್ಟು ಹೋದರು. ಎದುರಿನ ಪುಟ್ಟ ದ್ವೀಪದಲ್ಲಿ ದೀಪಸ್ತಂಭದ ಕೆಲಸದವರಿಗೆ ಕಟ್ಟಿದ ಮನೆಯೊಂದಿದೆ. 1948ರಲ್ಲಿ ಮನುಷ್ಯರು ಬಿಟ್ಟುಹೋದ ಮೇಲೆ ಅಲ್ಲಿ ಕಡಲಸಿಂಹಗಳು ಒಕ್ಕಲು. ಬಾಡಿಗೆ ಇಲ್ಲ. ಚಳಿಗಾಲದಲ್ಲಿ ದಂಡೆಗೆ ಎಲಿಫೆಂಟ್ ಸೀಲುಗಳು ಬರುತ್ತವೆ, ಹೆರಲು, ಕೂಡಲು, ಜಗಳವಾಡಲು. ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಅವುಗಳ ಹತ್ತಿರ ಯಾರೂ ತಾವಾಗಿಯೇ ಹೋಗುವಂತಿಲ್ಲ. ಮೊದಲೇ ಟಿಕೆಟ್ ಮಾಡಿಸಿಕೊಂಡು, ನ್ಯಾಚುರಲಿಸ್ಟ್ ಜೊತೆಯಲ್ಲಿ, ಗುಂಪಾಗಿ, ಎರಡೂವರೆ ಗಂಟೆ ಮರಳಿನಲ್ಲಿ ನಡೆಯಬೇಕು.

ನಮ್ಮ ಗುಂಪಿಗೆ ಸಿಕ್ಕವರು ಎಪ್ಪತ್ತರ ಆಸುಪಾಸಿನ ಹೆಂಗಸು. ದಪ್ಪ ಜಾಕೆಟ್ಟು, ಸೊಂಟಕ್ಕೆ ವಾಕಿಟಾಕಿ, ಕೈಯಲ್ಲಿ ಕೋಲು. ಹೊರಡುವ ಮೊದಲು ಸೀಲಿನ ವಿಷಯ ಒಂದು ಮಾತೂ ಆಡಲಿಲ್ಲ. ನಮ್ಮ ವಿಷಯವೇ ಮಾತನಾಡಿದರು. ಗುಂಪು ಬಿಡಬಾರದು, ತಿನ್ನಬಾರದು, ಸೀಲಿನಿಂದ 25 ಅಡಿ ದೂರ ಇರಬೇಕು, ಓಡಿ ಎಂದರೆ ಓಡಬೇಕು. "ಎಷ್ಟು ಜೋರಾಗಿ ಓಡಬೇಕು?" ಎಂದು ಮೊಮ್ಮಗ ಕೇಳಿದ. "ನಿನ್ನ ಅಜ್ಜನಿಗಿಂತ ಸ್ವಲ್ಪ ಜೋರಾಗಿ," ಎಂದರು.

ಮರಳುದಿಬ್ಬ ಹತ್ತಿದಾಗ ಕೆಳಗೆ ಬೂದು ಬಂಡೆಗಳು ಬಿದ್ದಿದ್ದವು. ಹೆಂಡತಿ "ಎಲ್ರೀ ಪ್ರಾಣಿ?" ಎನ್ನುವಷ್ಟರಲ್ಲಿ ಒಂದು ಬಂಡೆ ಮುಂಗಾಲಿನಿಂದ ಮರಳು ತೋಡಿ ಬೆನ್ನಿಗೆ ಎರಚಿಕೊಂಡಿತು. ಇನ್ನೊಂದು ತಲೆಯೆತ್ತಿತು. ಎರಡು ಟನ್ ತೂಗುವ ಗಂಡು. ಮೂಗು ಜೋತುಬಿದ್ದು ಬಾಯೊಳಕ್ಕೆ ಮಡಚಿಕೊಂಡಿದೆ. ಅದು ಹೊರಡಿಸಿದ ಶಬ್ದ ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದ ರಾಜ್‌ದೂತ್ ಬೈಕಿನದ್ದು. ಕೆಲವುದರ ಮೈಮೇಲೆ ಅಕ್ಷರ, ಅಂಕೆ ಬರೆದಿದ್ದರು. ಸಾಂತಾಕ್ರೂಜಿನ ವಿಶ್ವವಿದ್ಯಾಲಯದ ಸಂಶೋಧಕರು ತಲೆಗೂದಲಿಗೆ ಹಚ್ಚುವ ಡೈಯಿಂದ ಗುರುತು ಹಾಕುತ್ತಾರಂತೆ. ಹೆಂಡತಿ ನನ್ನ ತಲೆಯ ಕಡೆ ನೋಡಿ ಸುಮ್ಮನಾದಳು.

ಕಲಿಯುವುದಕ್ಕೆ ಬೇಕಾದಷ್ಟಿತ್ತು. ಕಡಲಿನಲ್ಲಿ ತಿಂಗಳುಗಟ್ಟಲೆ ಇರುವಾಗ ಇವು ದಿನಕ್ಕೆ ಎರಡು ಗಂಟೆಯಷ್ಟೇ ನಿದ್ದೆ ಮಾಡುತ್ತವೆ, ಅದೂ ನೀರಿನಾಳಕ್ಕೆ ಸುತ್ತುತ್ತಾ ಇಳಿಯುವಾಗ; ತಲೆಗೆ ಯಂತ್ರ ಅಂಟಿಸಿ ನಿದ್ದೆ ಅಳೆದು 2023ರಲ್ಲಿ ಪ್ರಕಟಿಸಿದರು. ತಾಯಿ ಸುಮಾರು 28 ದಿನ ಮೊಲೆಯುಣಿಸುತ್ತಾಳೆ, ತಾನು ಏನೂ ತಿನ್ನುವುದಿಲ್ಲ. ಹಾಲಿನಲ್ಲಿ ಅರ್ಧಕ್ಕರ್ಧ ಕೊಬ್ಬು. ಆಮೇಲೆ ಒಂದು ದಿನ ಎದ್ದು ಸಮುದ್ರಕ್ಕೆ ಹೋಗಿಬಿಡುತ್ತಾಳೆ. ಮರಿಗೆ ಈಜೂ ಬರುವುದಿಲ್ಲ. "ಬಾಣಂತನ ಮಾಡಲು ಯಾರೂ ಬರಲ್ವಾ?" ಎಂದು ಹೆಂಡತಿ ಕೇಳಿದ್ದನ್ನು ಮಗಳು ಇಂಗ್ಲಿಷಿಗೆ ತಿರುಗಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎಣ್ಣೆಗಾಗಿ ಇವುಗಳನ್ನು ಎಷ್ಟು ಕೊಂದರೆಂದರೆ ಮೆಕ್ಸಿಕೊದ ಒಂದು ದ್ವೀಪದಲ್ಲಿ ನೂರಕ್ಕೂ ಕಡಿಮೆ ಉಳಿದವಂತೆ. ಅವುಗಳ ಸಂತಾನವೇ ಮತ್ತೆ ಹಬ್ಬಿ, 1955ರಲ್ಲಿ ಇಲ್ಲಿನ ದ್ವೀಪದಲ್ಲಿ ಕಾಣಿಸಿಕೊಂಡು, 1961ರಲ್ಲಿ ಅಲ್ಲಿ ಹೆತ್ತು, 1975ರಲ್ಲಿ ಈಚೆ ದಂಡೆಯಲ್ಲೂ ಹೆತ್ತವು.

ಇಷ್ಟೆಲ್ಲ ಫೋನಿನಲ್ಲೂ ಸಿಕ್ಕುತ್ತಿತ್ತು. ಫೋನಿನಲ್ಲಿ ಸಿಗದದ್ದು ಆಮೇಲೆ ನಡೆಯಿತು. ದಿಬ್ಬದ ಮಗ್ಗುಲಲ್ಲಿ ಒಂದು ಮರಿ ತಾಯಿಯಿಂದ ತಪ್ಪಿಸಿಕೊಂಡು ಕಿರುಚುತ್ತಿತ್ತು. ಒಂದು ಹೆಣ್ಣಿನ ಹತ್ತಿರ ತೆವಳಿಕೊಂಡು ಹೋಯಿತು, ಅದು ಕಚ್ಚಿ ಓಡಿಸಿತು. ಇನ್ನೊಂದರ ಹತ್ತಿರ ಹೋಯಿತು. ಅಲ್ಲೂ ಅಷ್ಟೇ. ನಮ್ಮ ಗುಂಪಿನಲ್ಲಿದ್ದ ಹತ್ತು ವರ್ಷದ ಹುಡುಗಿಯೊಬ್ಬಳು ಅಳಲು ಶುರುಮಾಡಿದಳು. ಅವಳ ಅಪ್ಪ ಸಿಟ್ಟಾಗಿ, ನೀವೆಲ್ಲ ಇಲ್ಲಿ ಇರುವುದಾದರೂ ಏಕೆ, ಎತ್ತಿ ತಾಯಿಯ ಹತ್ತಿರ ಬಿಡಬಾರದೆ ಎಂದು ದಬಾಯಿಸಿದ. ನಮ್ಮ ನ್ಯಾಚುರಲಿಸ್ಟ್ ಕಡಲ ಸಸ್ತನಿಗಳನ್ನು ಕಾಯುವ 1972ರ ಕಾಯಿದೆಯ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿದರು: ಮುಟ್ಟುವಂತಿಲ್ಲ. ಆಮೇಲೆ ಮೊಣಕಾಲೂರಿ ಕೂತು ಹುಡುಗಿಗೆ ಹೇಳಿದರು: "ನಿನಗೆ ಕಷ್ಟ ಆಗುತ್ತೆ. ನನಗೂ ಆಗುತ್ತೆ. ತಾಯಿ ಹುಡುಕ್ತಿದ್ರೆ ನಾವು ಹತ್ತಿರ ಹೋದಷ್ಟೂ ಅವಳು ದೂರ ಹೋಗ್ತಾಳೆ. ಅದಕ್ಕೇ ಇಲ್ಲಿ ನಿಂತ್ಕೊಂಡಿದ್ದೀವಿ." ಮರಿಗೆ ತಾಯಿ ಸಿಕ್ಕಿತೇ? ನಾವಿರುವಷ್ಟು ಹೊತ್ತು ಸಿಗಲಿಲ್ಲ. ಸಿಗುತ್ತದೆ ಎಂದು ಆಕೆ ಸುಳ್ಳು ಹೇಳಲೂ ಇಲ್ಲ. ನಾನಾಗಿದ್ದರೆ ಖಂಡಿತ ಹೇಳುತ್ತಿದ್ದೆ.

ಅಷ್ಟರಲ್ಲಿ ವಾಕಿಟಾಕಿ ಗೊರಗುಟ್ಟಿತು. ದಿಬ್ಬಗಳ ಮೇಲೆ ಅಲ್ಲಲ್ಲಿ ನಿಂತಿದ್ದ ಅವರ ಸಂಗಾತಿಗಳಲ್ಲಿ ಒಬ್ಬರು, ಸೋತ ಗಂಡೊಂದು ದಾರಿಯ ಕಡೆಗೆ ಬರುತ್ತಿದೆ ಎಂದರು. ನಮ್ಮನ್ನು ಹಿಂದಕ್ಕೆ, ಎಡಕ್ಕೆ, ಮತ್ತೆ ಹಿಂದಕ್ಕೆ ಸರಿಸಿದರು. ಇಪ್ಪತ್ತು ಜನ, ಅದರಲ್ಲಿ ಮೂವರು ಫೋಟೊ ತೆಗೆಯುವವರು, ಒಬ್ಬರು ಸಿಟ್ಟಾದವರು, ಒಂದು ಅಳುವ ಮಗು, ಮಂಡಿ ನೋವಿನ ನನ್ನ ಹೆಂಡತಿ. ಯಾರ ಮನಸ್ಸೂ ನೋಯಲಿಲ್ಲ, ಯಾರೂ ಗುಂಪು ಬಿಡಲಿಲ್ಲ. ಪಿಂಚಣಿಯ ದಿನ ಕೌಂಟರಿನ ಈಚೆ ಕೂತು ಸಾಕಷ್ಟು ಜನಜಂಗುಳಿ ಕಂಡವನಾಗಿ ಹೇಳುತ್ತೇನೆ, ಇದು ಸಣ್ಣ ವಿದ್ಯೆಯಲ್ಲ. ಪ್ರಾಣಿಶಾಸ್ತ್ರ ಕಲಿತು ಬಂದವರಿಗೆ ಕೊನೆಗೆ ಪಾಲಿಗೆ ಬಂದದ್ದು ಮನುಷ್ಯರನ್ನು ಕಾಯುವ ಕೆಲಸ. ಅದನ್ನು ಬಡ್ತಿ ಎನ್ನಬೇಕೋ ಹಿಂಬಡ್ತಿ ಎನ್ನಬೇಕೋ ಬಹಳ ಯೋಚಿಸಿ, ಬಡ್ತಿ ಎಂದೇ ಬರೆದುಕೊಂಡಿದ್ದೇನೆ.

ಬಡ್ತಿಯೇನೋ ಸರಿ, ಸಂಬಳ? ಹೆಂಡತಿ ವಾಪಸು ಬರುವಾಗ ಮಗಳ ಮೂಲಕ ಅದನ್ನೇ ಕೇಳಿಸಿದಳು. ಇಲ್ಲ ಎಂದು ಗೊತ್ತಾಯಿತು. ಅಲ್ಲಿ ಜನರನ್ನು ಕರೆದೊಯ್ಯುವವರಲ್ಲಿ ಹೆಚ್ಚಿನವರು ತರಬೇತಿ ಪಡೆದ ಸ್ವಯಂಸೇವಕರು. ಈಕೆ ನೌಕರಿಯಲ್ಲಿದ್ದಾಗ ತೆರಿಗೆ ಲೆಕ್ಕ ನೋಡುತ್ತಿದ್ದವರು. "ಈ ವಯಸ್ಸಲ್ಲಿ, ಈ ಗಾಳಿಯಲ್ಲಿ, ಪುಕ್ಕಟೆಯಾ?" ಎಂದು ಹೆಂಡತಿ ಕಾರಿನಲ್ಲಿ ಮೂರು ಸಲ ಅಂದಳು. ಅವಳ ಆಶ್ಚರ್ಯದಲ್ಲಿ ನನ್ನ ಸೋಫಾದ ಕಡೆಗೆ ಒಂದು ಬಾಣವಿತ್ತು.

ಪುಕ್ಕಟೆಯ ಕಥೆಗೆ ಇನ್ನೊಂದು ಮಗ್ಗುಲಿದೆ, ಅದು ನನಗೆ ಅಷ್ಟು ಹಿಡಿಸುವುದಿಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ದುಡ್ಡಿಲ್ಲವೆಂದು 70 ಸ್ಟೇಟ್ ಪಾರ್ಕುಗಳನ್ನು ಮುಚ್ಚುವುದಾಗಿ ಹೇಳಿತು. ಜನ ಚಂದಾ ಎತ್ತಿದರು, ಸಂಘಸಂಸ್ಥೆಗಳು ಕೈಜೋಡಿಸಿದವು. ಮರುವರ್ಷ ನೋಡಿದರೆ ಇಲಾಖೆಯ ಖಾತೆಗಳಲ್ಲಿ 5 ಕೋಟಿ 40 ಲಕ್ಷ ಡಾಲರ್ ಯಾರಿಗೂ ಹೇಳದೆ ಕೂತಿತ್ತು! ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಕೂತು ಹುಡುಕಿದ ನನಗೆ ಈ ಸುದ್ದಿ ಓದಿ ಬೆವರು ಬಂತು. ಪ್ರೀತಿಯಿಂದ ಬರುವ ಅಜ್ಜಿಯರು ಇರಲಿ, ಬೇಕೇ ಬೇಕು. ಆದರೆ ಅವರಿದ್ದಾರಲ್ಲ ಎಂದು ಸಂಬಳದ ಹುದ್ದೆಯನ್ನೇ ತುಂಬದಿರುವ ಜಾಣತನ ಯಾವ ದೇಶದ್ದಾದರೂ ಒಂದೇ.

ಸಂಬಳದವರಿಗೂ ಈಗ ಕೈತುಂಬ ಕೆಲಸ. ಕೆಲವರು ಕಾಡಿನಲ್ಲೇ ನಿಂತು ಕ್ಯಾಮರಾದ ಮುಂದೆ ದೂರದೂರದ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಾರೆ. ಸುಟ್ಟ ಕಾಡನ್ನು ತೋರಿಸುವವರ ಪಾಡು ಎಲ್ಲಕ್ಕಿಂತ ಕಷ್ಟ. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳಲ್ಲಿ ಹಿರಿಯದು, 1902ರ ಬಿಗ್ ಬೇಸಿನ್. ಸಾವಿರ ವರ್ಷ ದಾಟಿದ ರೆಡ್‌ವುಡ್ ಮರಗಳ ಕಾಡು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ ಅದರ ಶೇಕಡ 97ಕ್ಕೂ ಹೆಚ್ಚು ಭಾಗವನ್ನು ಸುಟ್ಟಿತು. ಮರದ ಹಳೆಯ ಕಚೇರಿ, ಪ್ರಾಣಿಪಕ್ಷಿಗಳ ಪುಟ್ಟ ಮ್ಯೂಸಿಯಮ್ಮು ಎಲ್ಲ ಹೋಯಿತು. ನಾವು ಹೋದಾಗ ಕಪ್ಪು ಕಂಬಗಳಂಥ ಮರಗಳು, ಬುಡದಿಂದ ನೆತ್ತಿಯವರೆಗೆ ಕಾಂಡಕ್ಕೇ ನೇರ ಒತ್ತಾಗಿ ಚಿಗುರಿದ ಹಸಿರು. ರೆಡ್‌ವುಡ್ ಸುಟ್ಟ ಮೇಲೆ ತೊಗಟೆಯಡಿಯ ಹಳೆಯ ಮೊಗ್ಗುಗಳಿಂದ ಹೀಗೆ ಚಿಗುರುತ್ತದೆ. ಅಲ್ಲಿದ್ದ ರೇಂಜರ್ ಹುಡುಗ ಹಳೆಯ ಫೋಟೊ ಹಿಡಿದು, ಇಲ್ಲಿ ಕಚೇರಿ ಇತ್ತು, ಇಲ್ಲಿ ನೆರಳಿತ್ತು ಎಂದು ತೋರಿಸುತ್ತಿದ್ದ. ಚಿಕ್ಕಂದಿನಲ್ಲಿ ಇಲ್ಲೇ ಕ್ಯಾಂಪ್ ಮಾಡುತ್ತಿದ್ದೆವು ಎಂದು ವಯಸ್ಸಾದ ದಂಪತಿಗಳು ಹೇಳಿಕೊಂಡು ಕಣ್ಣೊರೆಸಿಕೊಂಡರೆ ಅವನು ಮಾತು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ. ಸಾವಿನ ಮನೆಯ ಶಿಷ್ಟಾಚಾರವೂ ಈಗ ನ್ಯಾಚುರಲಿಸ್ಟ್ ತರಬೇತಿಯಲ್ಲಿ ಸೇರಿದೆಯೋ ಏನೋ. ಯಾರೋ ಒಬ್ಬರು ಫೋನ್ ಹಿಡಿದು ಮರದ ಹೆಸರು ಕಂಡುಹಿಡಿದರು. ರೆಡ್‌ವುಡ್ ಎಂದಿತು.

ಊರಿಗೆ ಬಂದ ಮೇಲೆ ಹೆಂಡತಿಯ ಅಕ್ಕನ ಮಕ್ಕಳು ಬೆಂಗಳೂರಿನಿಂದ ಬಂದಿದ್ದರು, ರಂಗನತಿಟ್ಟಿಗೆ ಹೋದೆವು. ಸಲೀಂ ಅಲಿಯವರು ನೋಡಿ ಮಹಾರಾಜರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ ಜಾಗ. ದೋಣಿ ನಡೆಸುವವರು ಹಕ್ಕಿಯ ಹೆಸರು ಹೇಳುವುದನ್ನು ಕೇಳಿಯೇ ಮೈಸೂರಿನ ನಾವೆಲ್ಲ ದೊಡ್ಡವರಾದದ್ದು. ನಮ್ಮ ಹುಡುಗನೊಬ್ಬ ದೋಣಿಯ ಅಂಚಿಗೆ ಒರಗಿ, ಫೋನ್ ಹಿಡಿದ ಕೈಯನ್ನು ನೀರಿನ ಮೇಲೆ ಉದ್ದಕ್ಕೆ ಚಾಚಿ ಆ್ಯಪ್‌ನ ಉತ್ತರಕ್ಕೆ ಕಾಯುತ್ತಿದ್ದ.

"ಸ್ಪೂನ್‌ಬಿಲ್," ಎಂದರು ದೋಣಿಯವರು, ತಿರುಗಿಯೂ ನೋಡದೆ.

ಸ್ವಲ್ಪ ಹೊತ್ತಿಗೆ ಫೋನೂ ಹಾಗೇ ಅಂದಿತು. ಹುಡುಗ ಹಿಗ್ಗಿ, "ನೋಡಿ, ಕರೆಕ್ಟಾಗಿ ಹೇಳ್ತು!" ಎಂದು ಕೈ ಇನ್ನಷ್ಟು ಮುಂದೆ ಚಾಚಿದ.

"ಹೇಳ್ತದೆ ಬುಡಿ, ಹೇಳ್ದೆ ಏನು," ಎಂದು ದೋಣಿಯವರು ಹುಟ್ಟನ್ನು ಎತ್ತಿ ನೀರಿನಲ್ಲಿ ತೇಲುತ್ತಿದ್ದ ಕೊರಡಿನಂಥದ್ದನ್ನು ತೋರಿಸಿದರು. ಅದಕ್ಕೆ ಎರಡು ಕಣ್ಣಿದ್ದವು. "ಮೊದ್ಲು ಕೈ ಒಳ್ಗೆ ಇಟ್ಕಳಿ ಸಾ. ಮೊಸ್ಳೆ ಐತೆ."